ಕೆಡ್ಡಸದ ಮೂರನೇ ದಿನ

ಚೀನಾದ ಯುದ್ಧ ನಿಂತ ಮೇಲೆ ಬಂದ ಫೆಬ್ರವರಿ ಅದು, 1963ನೇ ಇಸವಿ. ನನಗೆ ಆಗ ಹತ್ತೊಂಬತ್ತು ವರ್ಷ. ಮೂಡುಬಿದಿರೆ ಹತ್ತಿರದ ತವರಿನಿಂದ ಮದುವೆಯಾಗಿ ಬೆಳ್ತಂಗಡಿ ತಾಲೂಕಿನ ಒಂದು ಮೂಲೆಯ ಗ್ರಾಮಕ್ಕೆ ಬಂದು ಎರಡು ವರ್ಷ ಆಗಿತ್ತು. ನಮ್ಮವರು ಮಂಗಳೂರಿನಲ್ಲಿ ಹೋಟೆಲಿನ ಕೆಲಸದಲ್ಲಿದ್ದರು. ಮನೆಯಲ್ಲಿ ನಾನು ಮತ್ತು ಅತ್ತೆ. ಎಂಟನೇ ಕ್ಲಾಸು ಪಾಸಾದ ಸೊಸೆ ಆ ಕಡೆಗೆಲ್ಲ ನಾನೊಬ್ಬಳೇ. ಆ ಒಂದೇ ಯೋಗ್ಯತೆಯ ಮೇಲೆ ನನ್ನನ್ನು ಊರಿನ ಮಹಿಳಾ ಮಂಡಳಿಯ ಕಾರ್ಯದರ್ಶಿ ಮಾಡಿದ್ದರು. ಆಫೀಸಿನವರು ಯಾರಾದರೂ ಬಂದರೆ ಕನ್ನಡದಲ್ಲಿ ಮಾತಾಡಲು ಒಬ್ಬರು ಬೇಕಲ್ಲ. ಉಳಿದ ಹತ್ತು ಜನರೂ ತುಳುವಿನಲ್ಲಾದರೆ ಯಾರ ಬಾಯಿಯನ್ನೂ ಮುಚ್ಚಿಸುವವರು, ಕನ್ನಡ ಅಂದ ಕೂಡಲೇ ನನ್ನ ಬೆನ್ನ ಹಿಂದೆ ಸರಿಯುವವರು.

ಶಾಲೆಯ ಹಿಂದೆ ಪಂಚಾಯಿತಿಗೆ ಸೇರಿದ ಒಂದು ಗದ್ದೆ ಇತ್ತು. ಯಾರಿಗೂ ಬೇಡದೆ ಹುಲ್ಲು ಬೆಳೆದು ಬಿದ್ದಿದ್ದ ತಗ್ಗಿನ ಜಾಗ. ಅದನ್ನು ಬೇಸಿಗೆಯಲ್ಲಿ ತರಕಾರಿ ಮಾಡಲಿಕ್ಕೆಂದು ಮಂಡಳಿಗೆ ಬಿಟ್ಟುಕೊಟ್ಟಿದ್ದರು. ಎರಡು ವರ್ಷ ನಾವು ಹನ್ನೊಂದು ಜನ ಅಲ್ಲಿ ಸೌತೆ, ಅಲಸಂಡೆ, ಬೆಂಡೆ, ಹರಿವೆ ಬೆಳೆಸಿದೆವು. ಬೆಳೆದದ್ದನ್ನು ಪಾಲು ಮಾಡಿ ಮನೆಗೆ ಒಯ್ಯುವುದು, ಹೆಚ್ಚಾದರೆ ಬುಟ್ಟಿ ತುಂಬಿ ಬಂಟ್ವಾಳದ ಬಸ್ಸಿನ ತಲೆಯ ಮೇಲೆ ಹಾಕಿ ಕಳಿಸುವುದು. ನಮ್ಮ ಮನೆಯಲ್ಲಾದರೆ ಅಂಗಳದ ಕೆಳಗೆ ಸಣ್ಣ ಜಾಗವಾದರೂ ಇತ್ತು. ಉಳಿದ ಹೆಚ್ಚಿನವರಿಗೆ ಅದೂ ಇಲ್ಲ. ನಮ್ಮಲ್ಲಿ ಎಲ್ಲರಿಗಿಂತ ಹಿರಿಯರಾದ ದೇಯಿಯಕ್ಕ ಅರುವತ್ತು ವರ್ಷ ಬೇರೆಯವರ ಗದ್ದೆಯಲ್ಲೇ ನೆಟ್ಟು ಕೊಯ್ದವರು. ಇದು ನನ್ನದು ಎಂದು ಒಂದು ಬೀಜ ಹಾಕಲು ಅವರಿಗೆ ಭೂಮಿಯ ಮೇಲೆ ಇದ್ದ ಜಾಗ ಅದೊಂದೇ.

ಆ ವರ್ಷ ಯಾರಿಗೋ ಗೊತ್ತಾಯಿತು, ಆ ಗದ್ದೆಯ ಅಡಿಯಲ್ಲಿ ಹಂಚು ಮಾಡಲು ಆಗುವ ಒಳ್ಳೆಯ ಜೇಡಿ ಮಣ್ಣು ಉಂಟು ಎಂದು. ಹಂಚಿನ ಕಾರ್ಖಾನೆಗಳಿಗೆ ಮಣ್ಣು ಸಾಗಿಸುವ ಒಬ್ಬ ಕಂತ್ರಾಟುದಾರ ನಮ್ಮ ಪಂಚಾಯಿತಿ ಅಧ್ಯಕ್ಷರ ಚಾವಡಿಗೆ ಬಂದು ಹೋಗಲು ಶುರುಮಾಡಿದ. ಒಮ್ಮೆ ಮಣ್ಣು ತೆಗೆದರೆ ಮುಗಿಯಿತು. ಆಳೆತ್ತರದ ಹೊಂಡ, ಮಳೆಗಾಲದಲ್ಲಿ ಕೆರೆ, ಬೇಸಿಗೆಯಲ್ಲಿ ಎಮ್ಮೆ ಮಲಗುವ ಕೆಸರು. ಅಂಥ ಗದ್ದೆಗಳನ್ನು ಬಂಟ್ವಾಳದ ದಾರಿಯಲ್ಲಿ ನಾವು ಎಷ್ಟೋ ನೋಡಿದ್ದೆವು.

ಅಧ್ಯಕ್ಷರು ಊರಿನ ದೊಡ್ಡ ಧಣಿಗಳೂ ಹೌದು. ನೇರವಾಗಿ ಗದ್ದೆ ಬಿಡಿ ಎಂದು ಹೇಳುವಷ್ಟು ಒರಟರಲ್ಲ. ಯುದ್ಧದ ನಂತರ ಒಂದು ತುಂಡು ಜಾಗವನ್ನೂ ಹಾಳು ಬಿಡಬಾರದು ಎಂದು ಸರಕಾರದ ಆಜ್ಞೆ ಬಂದಿದೆ, ಬ್ಲಾಕ್ ಆಫೀಸಿನವರು ಬಂದು ನೋಡುತ್ತಾರೆ, ಅಷ್ಟರೊಳಗೆ ನೀವು ಗದ್ದೆ ಅಗೆದು ಸಾಲು ಮಾಡಿರಬೇಕು, ಇಲ್ಲದಿದ್ದರೆ ಮಣ್ಣಿಗೆ ಕೊಡುತ್ತೇವೆ ಎಂದು ಹೇಳಿಕಳಿಸಿದರು. ಹೇಳಿ ಆದ ಮೇಲೆ ತಮ್ಮ ಸುಗ್ಗಿ ಗದ್ದೆಯ ಕೊಯ್ಲಿಗೆ ನಮ್ಮನ್ನೇ ಕರೆದರು. ಧಣಿಗಳು ಕರೆದರೆ ಹೋಗದೆ ಉಂಟೇ? ಬೆಳಿಗ್ಗೆಯಿಂದ ಸಂಜೆವರೆಗೆ ಅವರ ಪೈರು ಕೊಯ್ದು, ಹೊತ್ತು, ಬಡಿದು ಹಾಕುವಷ್ಟರಲ್ಲಿ ನಮ್ಮ ಗದ್ದೆಯ ನೆನಪು ಮಾಡಲಿಕ್ಕೂ ಸೊಂಟ ಬಿಡುತ್ತಿರಲಿಲ್ಲ. ನಡುವೆ ಸಿಕ್ಕ ಅರ್ಧ ಗಂಟೆಯಲ್ಲಿ ತರಗೆಲೆ ಗುಡಿಸಿ ಮಣ್ಣಿನ ಹೆಂಟೆಯೊಟ್ಟಿಗೆ ರಾಶಿ ಹಾಕಿ ಸುಡುಮಣ್ಣು ಮಾಡಿದೆವು, ಹಟ್ಟಿಯ ಗೊಬ್ಬರ ತಂದು ಬದಿಯಲ್ಲಿ ಸುರಿದೆವು, ಬೇಲಿ ಕಟ್ಟಿದೆವು. ಅಗೆಯುವುದೊಂದು ಉಳಿಯಿತು. ಅಧ್ಯಕ್ಷರ ಕೊಯ್ಲು ಮುಗಿದದ್ದು ಕೆಡ್ಡಸದ ಹಿಂದಿನ ದಿನ.

ಕೆಡ್ಡಸ ಎಂದರೆ ತುಳುವರಿಗೆ ಗೊತ್ತು, ಬೇರೆಯವರಿಗಾಗಿ ಹೇಳುತ್ತೇನೆ. ವರ್ಷಕ್ಕೊಮ್ಮೆ ಮೂರು ದಿನ ಭೂಮಿತಾಯಿ ಮುಟ್ಟಾಗುತ್ತಾಳೆ ಎಂದು ನಮ್ಮ ನಂಬಿಕೆ. ಆ ಮೂರು ದಿನ ಮಣ್ಣು ಅಗೆಯುವ ಹಾಗಿಲ್ಲ, ಉಳುವ ಹಾಗಿಲ್ಲ, ಹಸಿ ಗಿಡ ಕಡಿಯುವ ಹಾಗಿಲ್ಲ. ಗಂಡಸರು ಬೇಟೆಗೆ ಹೋಗುತ್ತಾರೆ. ಹೆಂಗಸರು ಅಕ್ಕಿ ಹುರಿದು ಹುಡಿ ಮಾಡಿ, ಬೆಲ್ಲ ಕಾಯಿ ಸೇರಿಸಿ ನನ್ನೆರಿ ಮಾಡುತ್ತಾರೆ. ಮೂರನೇ ದಿನ ಭೂಮಿಗೆ ಎಣ್ಣೆ ಬಿಟ್ಟು, ಅರಸಿನ, ಕುಂಕುಮ, ಸೀಗೆಹುಡಿ ಇಟ್ಟು ಮೀಯಿಸುವುದು. ಅಷ್ಟೆಲ್ಲ ಮಾಡಿದರೂ ಯಾಕೆ ಮಾಡುವುದೆಂದು ಬಾಯಿ ಬಿಟ್ಟು ಯಾರೂ ಹೇಳುವುದಿಲ್ಲ. ಅತ್ತೆಯಂತೂ ಮನೆಯ ಹೆಂಗಸರ ವಿಷಯಕ್ಕೂ ಮುಟ್ಟು ಎಂಬ ಶಬ್ದ ಉಪಯೋಗಿಸಿದವರಲ್ಲ. ನನಗೆ ಆ ದಿನಗಳು ಬಂದರೆ ಕಣ್ಣಿನಲ್ಲೇ ಹಿಂದಿನ ಜಗಲಿ ತೋರಿಸುತ್ತಿದ್ದರು.

ಬ್ಲಾಕ್ ಆಫೀಸಿನವರು ಬರುವ ದಿನವನ್ನು ಗೊತ್ತುಮಾಡಿದವರು ಅಧ್ಯಕ್ಷರೇ. ಕೆಡ್ಡಸದ ಮೂರನೇ ದಿನ! ತಿಳಿಯದೆ ಆದದ್ದು ಎಂದು ನಾನು ಇವತ್ತಿಗೂ ಒಪ್ಪುವುದಿಲ್ಲ.

ಮೊದಲ ದಿನ ಸಂಜೆ ನಾವೆಲ್ಲ ಶಾಲೆಯ ಜಗಲಿಯಲ್ಲಿ ಸೇರಿದೆವು. ಅಗೆಯುವ ಎಂದವಳು ನಾನೊಬ್ಬಳೇ. ದೇಯಿಯಕ್ಕ ತಲೆ ಅಲ್ಲಾಡಿಸಿದರು. ಹಾಗಾದರೆ ಬೀಪಾತುಮ್ಮ ಅಗೆಯಲಿ, ಅವರಿಗೆ ಕೆಡ್ಡಸ ಇಲ್ಲವಲ್ಲ ಎಂದು ಯಾರೋ ಹೇಳಿದರು. ಬೀಪಾತುಮ್ಮ ನಮ್ಮ ಮಂಡಳಿಯ ಮುಸಲ್ಮಾನ ಬ್ಯಾರಿ ಹೆಂಗಸು, ಪೇಟೆಯ ಬದಿಯಲ್ಲಿ ಅವರ ಮನೆ, ನಮ್ಮೆಲ್ಲರಿಗಿಂತ ಬಲವಾದ ಕೈ. ಅವರು ಎಲೆ ಅಡಿಕೆ ಉಗಿದು ಬಂದು ಕೂತು, ಹನ್ನೊಂದು ಜನರ ಗದ್ದೆಯನ್ನು ನಾನೊಬ್ಬಳು ಅಗೆದರೆ ನಾಳೆ ಅಧ್ಯಕ್ಷರು ಅದು ಬೀಪಾತುಮ್ಮನ ಗದ್ದೆ ಅಂತ ಹೇಳ್ತಾರೆ, ದೇಯಿ ಕೂತರೆ ನಾನೂ ಕೂತೆ ಎಂದುಬಿಟ್ಟರು. ನನಗೆ ಸಿಟ್ಟು ನೆತ್ತಿಗೇರಿತು. ಇವರ ಶಾಸ್ತ್ರದಲ್ಲಿ ಗದ್ದೆ ಹೋಗುತ್ತದಲ್ಲ ಎಂದು ಗೊಣಗಿಕೊಂಡೇ ಮನೆಗೆ ಬಂದೆ.

ಎರಡನೇ ದಿನ ಮಧ್ಯಾಹ್ನ ಅತ್ತೆ ಊಟ ಮಾಡಿ ಮಲಗಿದ್ದರು. ನಾನು ಪಿಕ್ಕಾಸು ತೆಗೆದುಕೊಂಡು ಗದ್ದೆಗೆ ಹೋದೆ. ಸುತ್ತ ಒಂದು ನರಪಿಳ್ಳೆ ಇಲ್ಲ. ಮೊದಲ ಏಟು ಹಾಕುವ ಮುಂಚೆ ಎರಡು ಸಲ ಹಿಂದೆ ತಿರುಗಿ ನೋಡಿದೆ, ಸುಳ್ಳು ಯಾಕೆ ಹೇಳಲಿ. ಎರಡನೆಯದು, ಮೂರನೆಯದು ಆದ ಮೇಲೆ ಸಿಟ್ಟೇ ಅಗೆಯಿತು. ಮಳೆ ನಿಂತು ಒಣಗಿದ ಗದ್ದೆಯ ಮಣ್ಣು ಕಲ್ಲಿನ ಹಾಗೆ ಗಟ್ಟಿ. ಅಂಗೈಯಲ್ಲಿ ಬೊಕ್ಕೆ ಎದ್ದು ಒಡೆಯಿತು. ಮೂಲೆಯಲ್ಲಿ ಒಂದು ಸಾಲು ಅಗೆದು ಬೆನ್ನು ನೆಟ್ಟಗೆ ಮಾಡುತ್ತೇನೆ, ಬದುವಿನ ಮೇಲೆ ದೇಯಿಯಕ್ಕ ಕೂತಿದ್ದಾರೆ. ಯಾವಾಗ ಬಂದರೋ ಗೊತ್ತಿಲ್ಲ.

ಬೈಯುತ್ತಾರೆ ಎಂದುಕೊಂಡೆ. ಅವರು ಬೈಯಲಿಲ್ಲ.

"ಅಗೆ ಮಗಾ, ನಾನು ಕೈ ಹಿಡಿಯುವುದಿಲ್ಲ" ಎಂದರು. "ನಾನು ಹುಟ್ಟಿದಂದಿನಿಂದ ಯಾರೋ ಹೇಳಿದ ದಿನ ಅಗೆದವಳು, ಯಾರೋ ಹೇಳಿದ ದಿನ ನೆಟ್ಟವಳು. ಜ್ವರ ಬಂದರೂ ಬಾ ಅಂದರೆ ಹೋಗಬೇಕಿತ್ತು. ವರ್ಷದಲ್ಲಿ ಈ ಮೂರು ದಿನ ಮಾತ್ರ ಮಣ್ಣಿಗೆ ಇಳಿ ಅಂತ ನನಗೆ ಹೇಳಲು ಯಾವ ಧಣಿಗೂ ಬಾಯಿ ಬರುವುದಿಲ್ಲ. ಅದನ್ನೂ ಬಿಟ್ಟುಕೊಟ್ಟರೆ ಮತ್ತೆ ನನ್ನದು ಅಂತ ಎಂತ ಉಂಟು?"

ಅಲ್ಲಿಯವರೆಗೆ ನಾನು ಧೈರ್ಯಸ್ಥೆ, ಅವರೆಲ್ಲ ಪುಕ್ಕಲರು ಎಂದು ತಿಳಿದುಕೊಂಡಿದ್ದೆ. ಅಧ್ಯಕ್ಷರು ಹೇಳಿದ ದಿನಕ್ಕೆ ಹೆದರಿ ಮಧ್ಯಾಹ್ನದ ಬಿಸಿಲಿನಲ್ಲಿ ಕದ್ದು ಅಗೆಯುತ್ತಿದ್ದವಳು ಯಾರು ಎಂದು ಆಗ ಯೋಚನೆಗೆ ಬಂತು. ನಾಚಿಕೆಯಾಯಿತು. ಪಿಕ್ಕಾಸನ್ನು ಬದುವಿನ ಮೇಲೆ ಇಟ್ಟು ಅವರ ಪಕ್ಕದಲ್ಲಿ ಕೂತೆ. ಅಗೆದ ಸಾಲನ್ನು ಮುಚ್ಚುವ ಎಂದೆ. ಮುಚ್ಚಬೇಕಾದರೂ ಮಣ್ಣು ಮುಟ್ಟಬೇಕಲ್ಲ, ಇರಲಿ ಬಿಡು ಎಂದರು. ಆಮೇಲೆ ಸೆರಗಿನ ತುದಿಯಿಂದ ನನ್ನೆರಿ ಬಿಚ್ಚಿ ಅರ್ಧ ನನಗೆ ಕೊಟ್ಟರು.

ಮೂರನೇ ದಿನ ಬೆಳಿಗ್ಗೆ ಹನ್ನೊಂದು ಜನರೂ ಗದ್ದೆಯಲ್ಲಿ ಸೇರಿದೆವು. ಊರಿನ ಗಂಡಸರು ಬೇಟೆಯ ಕಾಡಿನಲ್ಲಿದ್ದರು. ಬದುವಿನ ಹತ್ತಿರ ಸೆಗಣಿ ಸಾರಿಸಿ, ಬಾಳೆಲೆಯ ಮೇಲೆ ಅರಸಿನ ಕುಂಕುಮ ಇಟ್ಟು, ದೇಯಿಯಕ್ಕ ತೆಂಗಿನೆಣ್ಣೆ ಬಿಡುತ್ತಿದ್ದರು. ಬೀಪಾತುಮ್ಮ ಬೇಲಿಯ ಹತ್ತಿರ ನಿಂತಿದ್ದರು. ಅಷ್ಟು ಹೊತ್ತಿಗೆ ಜೀಪು ಬಂತು. ಅಧ್ಯಕ್ಷರು, ಮಣ್ಣಿನ ಕಂತ್ರಾಟುದಾರ, ಪಂಚಾಯಿತಿಯ ಗುಮಾಸ್ತ, ಅವರೊಟ್ಟಿಗೆ ಬ್ಲಾಕ್ ಆಫೀಸಿನಿಂದ ಒಬ್ಬರು ಎಳೆ ಪ್ರಾಯದ ಅಧಿಕಾರಿ. ಹಾಸನದ ಕಡೆಯವರಂತೆ, ನಮ್ಮ ಕಡೆಗೆ ವರ್ಗವಾಗಿ ಎರಡು ತಿಂಗಳು ಆಗಿತ್ತಷ್ಟೆ. ತುಳು ಒಂದಕ್ಷರ ಬಾರದು.

ಅಧ್ಯಕ್ಷರು ಕೈ ಬೀಸಿ ಗದ್ದೆ ತೋರಿಸಿದರು. ನೋಡಿ ಸರ್, ಹೇಳಿ ತಿಂಗಳಾಯಿತು, ಒಂದು ಪಿಕ್ಕಾಸು ಬಿದ್ದಿಲ್ಲ, ಇವರಿಂದ ಆಗುವ ಕೆಲಸ ಅಲ್ಲ ಇದು ಎಂದರು. ಅಧಿಕಾರಿ ನಮ್ಮ ಕಡೆ ತಿರುಗಿ ಯಾಕೆ ಅಗೆದಿಲ್ಲ ಎಂದು ಕೇಳಿದರು. ಎಂದಿನಂತೆ ಉಳಿದವರು ನನ್ನ ಬೆನ್ನ ಹಿಂದೆ ಸರಿದರು. ನಾನು, ಕೆಡ್ಡಸ ಸರ್, ಮೂರು ದಿನ ಅಗೆಯುವ ಹಾಗಿಲ್ಲ ಎಂದೆ.

"ಕೆಡ್ಡಸ ಅಂದ್ರೇನು?" ಎಂದು ಅವರು ಅಧ್ಯಕ್ಷರನ್ನು ಕೇಳಿದರು.

ಅಧ್ಯಕ್ಷರು ಶಲ್ಯ ಸರಿಮಾಡಿಕೊಂಡರು. ಏನೋ ಹೆಂಗಸರ ಹಬ್ಬ ಸರ್ ಎಂದರು. ಎಂಥ ಹಬ್ಬ, ಯಾವ ದೇವರದ್ದು, ಮೂರು ದಿನ ಯಾಕೆ, ಹಬ್ಬಕ್ಕೂ ಅಗೆಯುವುದಕ್ಕೂ ಏನು ಸಂಬಂಧ ಎಂದು ಆ ಮನುಷ್ಯ ಪರೀಕ್ಷೆ ಮಾಡುವವರ ಹಾಗೆ ಕೇಳುತ್ತಲೇ ಹೋದರು. ಅಧ್ಯಕ್ಷರು ಗುಮಾಸ್ತನ ಮುಖ ನೋಡಿದರು. ಗುಮಾಸ್ತ ಕಂತ್ರಾಟುದಾರನ ಮುಖ ನೋಡಿದ. ಮೂವರಿಗೂ ಚೆನ್ನಾಗಿ ಗೊತ್ತು, ಮೂವರ ಮನೆಯಲ್ಲೂ ಅವತ್ತು ಭೂಮಿಗೆ ಎಣ್ಣೆ ಬಿಟ್ಟಿದ್ದಾರೆ. ಹೇಳಲು ಮಾತ್ರ ಒಬ್ಬರಿಗೂ ನಾಲಗೆ ಏಳಲಿಲ್ಲ. ಅಧಿಕಾರಿಗೆ ಬೇಸರ ಬಂತು. ಕಾರಣ ಇಲ್ಲ ಅಂದ್ರೆ ನಾನು ಏನಂತ ಬರೀಲಿ, ಗದ್ದೆ ಹಾಳು ಬಿದ್ದಿದೆ ಅಂತಲೇ ಬರೀಬೇಕಾಗುತ್ತೆ ಎಂದು ಜೇಬಿನಿಂದ ಪೆನ್ನು ತೆಗೆದರು.

ಆ ಪೆನ್ನು ನೋಡಿದ್ದೇ ನನಗೆ ಏನಾಯಿತೋ ಗೊತ್ತಿಲ್ಲ. ಒಂದು ಹೆಜ್ಜೆ ಮುಂದೆ ಬಂದೆ.

"ಸರ್, ಭೂಮಿ ಮುಟ್ಟಾಗಿದ್ದಾಳೆ. ಇವತ್ತು ಮೂರನೇ ದಿನ. ಈಗ ಮೀಯಿಸ್ತಾ ಇದ್ದೇವೆ. ನಾಳೆ ಬೆಳಿಗ್ಗೆಯಿಂದ ಅಗೆಯುತ್ತೇವೆ."

ಗಂಡಸರ ಎದುರು, ಅದೂ ಅಧಿಕಾರಿಗಳ ಎದುರು, ಆ ಶಬ್ದವನ್ನು ಗಟ್ಟಿಯಾಗಿ ಹೇಳಿದ ಹೆಂಗಸು ಆ ಊರಿನಲ್ಲಿ ನನಗಿಂತ ಮೊದಲು ಯಾರೂ ಇದ್ದಿರಲಿಕ್ಕಿಲ್ಲ. ಗುಮಾಸ್ತನ ಕೈಯಿಂದ ಪುಸ್ತಕ ಜಾರಿತು. ಕಂತ್ರಾಟುದಾರ ತಲೆ ಎತ್ತಿ ತೆಂಗಿನ ಮರದಲ್ಲಿ ಎಷ್ಟು ಕಾಯಿ ಉಂಟೆಂದು ನೋಡತೊಡಗಿದ. ಅಧಿಕಾರಿಯ ಕಿವಿ ಕೆಂಪಾಯಿತು. ಆದರೆ ಅವರು ಪೆನ್ನನ್ನು ಮುಚ್ಚಿದರು.

ಅಧ್ಯಕ್ಷರು ಸುಮ್ಮನೆ ಬಿಡುವವರಲ್ಲ. ಅವರ ಕಣ್ಣು ಮೂಲೆಗೆ ಹೋಗಿತ್ತು. "ಹಾಗಾದರೆ ಅಲ್ಲಿ ಅಗೆದದ್ದು ಯಾರು? ನೋಡಿ ಸರ್, ಇವರಿಗೆ ಬೇಕಾದಾಗ ಕೆಡ್ಡಸ ಉಂಟು, ಬೇಡದಾಗ ಇಲ್ಲ."

ಹಂದಿ ಕೆದಕಿದ್ದು ಎಂದು ಹೇಳಿದ್ದರೆ ನಡೆಯುತ್ತಿತ್ತೋ ಏನೋ. ಹಿಂದೆ ನಿಂತಿದ್ದವರು ನನ್ನ ಕಡೆ ನೋಡಿದರು, ದೇಯಿಯಕ್ಕನ ಹೊರತು ಯಾರಿಗೂ ಅದು ಗೊತ್ತಿರಲಿಲ್ಲ. ನಾನು ಅಂಗೈ ಬಿಚ್ಚಿ ಒಡೆದ ಬೊಕ್ಕೆ ತೋರಿಸಿದೆ. "ನಾನು ಅಗೆದದ್ದು ಧಣಿಗಳೇ. ನಿಮಗೆ ಹೆದರಿ ಅಗೆದೆ. ಇವರು ಯಾರೂ ಕೈ ಹಾಕಲಿಲ್ಲ. ಇವರಿಗೆ ನಿಮ್ಮ ಹೆದರಿಕೆ ಇಲ್ಲ" ಎಂದೆ.

ಕೊನೆಯ ಮಾತು ಹೇಗೆ ಬಂತೋ, ಬಂದುಬಿಟ್ಟಿತು. ಅಧ್ಯಕ್ಷರ ಮುಖ ಕಪ್ಪಿಟ್ಟಿತು. ಅವರು ಬಾಯಿ ತೆರೆಯುವ ಮೊದಲೇ ದೇಯಿಯಕ್ಕ ಎಣ್ಣೆಯ ಗಿಂಡಿ ಕೆಳಗಿಟ್ಟು ಎದ್ದರು. ಬದುವಿನ ಮೇಲೆ ನಾನು ಬಿಟ್ಟಿದ್ದ ಪಿಕ್ಕಾಸನ್ನು ಎತ್ತಿ ತಂದು ಅಧ್ಯಕ್ಷರ ಕಾಲಿನ ಹತ್ತಿರ ಮೆಲ್ಲಗೆ ಇಟ್ಟರು. ಆಮೇಲೆ ಕೈಮುಗಿದು ತುಳುವಿನಲ್ಲಿ ಎರಡು ಮಾತು ಹೇಳಿದರು. ಏನು ಹೇಳಿದ್ರು ಎಂದು ಅಧಿಕಾರಿ ಕೇಳಿದರು. ನಾನು ಇದ್ದದ್ದು ಇದ್ದ ಹಾಗೆ ಕನ್ನಡ ಮಾಡಿದೆ: "ಮೊದಲಿನ ಏಟು ಧಣಿಗಳು ಹಾಕಲಿ. ಅವರ ಹಿಂದೆ ನಾವು ಹನ್ನೊಂದು ಜನ ಇಳಿಯುತ್ತೇವೆ. ಸಂಜೆಯೊಳಗೆ ಗದ್ದೆ ತಯಾರು."

ಪಾಪ, ಅಧಿಕಾರಿಗೆ ಇದು ಬಹಳ ಒಳ್ಳೆಯ ಸಲಹೆ ಅನ್ನಿಸಿತು. ಹಾಕಿ ಸಾರ್, ಎಲ್ಲ ಸರಿಹೋಗುತ್ತೆ ಎಂದರು. ಅಧ್ಯಕ್ಷರು ಅಲ್ಲಾಡಲಿಲ್ಲ. ಪಿಕ್ಕಾಸನ್ನು ನೋಡುತ್ತಾ ನಿಂತರು. ಇಸ್ತ್ರಿ ಪಂಚೆ ಕೊಳೆಯಾಗುವ ಯೋಚನೆ ಇರಬೇಕೆಂದುಕೊಂಡ ಅಧಿಕಾರಿ ಅಂಗಿಯ ಕೈ ಮಡಚಿದರು. ನಾನೇ ಶುರು ಮಾಡ್ತೀನಿ ಬಿಡಿ ಎಂದು ಬಗ್ಗಿ ಪಿಕ್ಕಾಸಿಗೆ ಕೈ ಹಾಕಿ ಎತ್ತಿಯೇ ಬಿಟ್ಟರು.

ಅಧ್ಯಕ್ಷರು ಹಾರಿ ಬಂದು ಅದರ ಕಾವು ಹಿಡಿದುಕೊಂಡರು.

"ಬೇಡ ಸರ್. ಇವತ್ತು ಬೇಡ."

ಒಬ್ಬರು ಎಳೆಯುವುದು, ಇನ್ನೊಬ್ಬರು ಬಿಡದಿರುವುದು. ಅಧಿಕಾರಿ ಕಣ್ಣು ಬಿಟ್ಟು ಒಮ್ಮೆ ಅಧ್ಯಕ್ಷರನ್ನು, ಒಮ್ಮೆ ನಮ್ಮನ್ನು ನೋಡಿದರು. ಬೇಲಿಯ ಹತ್ತಿರದಿಂದ ಬೀಪಾತುಮ್ಮ ನಕ್ಕ ಶಬ್ದ ಕೇಳಿತು. ಆಮೇಲೆ ಯಾರನ್ನೂ ತಡೆಯಲಾಗಲಿಲ್ಲ. ದೇಯಿಯಕ್ಕ ಮಾತ್ರ ನಗಲಿಲ್ಲ, ಪುನಃ ಕೂತು ಉಳಿದ ಎಣ್ಣೆಯನ್ನು ಭೂಮಿಗೆ ಬಿಟ್ಟರು.

ಅಧಿಕಾರಿ ದಡ್ಡರಲ್ಲ. ಎಲ್ಲ ಅರ್ಥವಾಯಿತು ಅವರಿಗೆ. ಒಂದು ವಾರದ ನಂತರ ಪುನಃ ಬರುತ್ತೇನೆ, ತಡ ಯಾಕಾಯಿತು ಅನ್ನುವುದನ್ನು ಬರೆದು ಎಲ್ಲರೂ ಸಹಿ ಹಾಕಿಕೊಡಿ ಎಂದರು. ಗುಮಾಸ್ತ ಕಾಗದ ಕೊಟ್ಟ. ಜೀಪಿನ ಮುಂದಿನ ಭಾಗವೇ ಮೇಜಾಯಿತು. ಊರ ಹಬ್ಬದ ನಿಮಿತ್ತ ಅಂತ ಬರೆ ಸಾಕು ಎಂದು ಅಧ್ಯಕ್ಷರು ಪಕ್ಕದಲ್ಲಿ ಪಿಸುಗುಟ್ಟಿದರು. ನಾನು ಶಾಲೆಯ ಕಾಪಿ ಬರೆಯುವಷ್ಟು ದುಂಡಾಗಿ ಬರೆದೆ: "ಭೂಮಿ ಮುಟ್ಟಾದ ಕಾರಣ ಮೂರು ದಿನ ಗದ್ದೆ ಅಗೆಯಲಿಲ್ಲ. ನಾಳೆಯಿಂದ ಅಗೆಯುತ್ತೇವೆ. ಈ ಗದ್ದೆಯಲ್ಲಿ ತರಕಾರಿ ಬೆಳೆಯುವವರು ನಾವೇ." ಒಂಬತ್ತು ಹೆಬ್ಬೆಟ್ಟು ಬಿತ್ತು. ಬೀಪಾತುಮ್ಮ ತಮಗೆ ಬರುವ ಅರಬ್ಬಿ ಅಕ್ಷರದಲ್ಲಿ ಹೆಸರು ಬರೆದರು. ಕೆಳಗೆ ನಾನು. ಪಂಚಾಯಿತಿಯ ಗದ್ದೆಯಾದ್ದರಿಂದ ಅಧ್ಯಕ್ಷರ ಸಹಿಯೂ ಬೇಕು ಎಂದು ಅಧಿಕಾರಿ ಕಾಗದವನ್ನು ಅವರ ಮುಂದೆ ಹಿಡಿದರು. ಅಧ್ಯಕ್ಷರು ಎರಡು ಸಲ ಓದಿದರು. ನನ್ನನ್ನು ನೋಡಿದರು. ಆಮೇಲೆ ಇಂಗ್ಲಿಷಿನಲ್ಲಿ ಸಹಿ ಹಾಕಿದರು.

ಮರುದಿನ ಬೆಳಕು ಹರಿಯುವ ಮೊದಲೇ ಗದ್ದೆಯಲ್ಲಿದ್ದೆವು. ಹನ್ನೊಂದು ಪಿಕ್ಕಾಸು ಒಟ್ಟಿಗೆ ಬೀಳುವ ಶಬ್ದ ನಾನು ಮತ್ತೆ ಯಾವತ್ತೂ ಕೇಳಿಲ್ಲ. ಮೂರು ದಿನದಲ್ಲಿ ಸಾಲು ತೆಗೆದು, ಸುಡುಮಣ್ಣು ಗೊಬ್ಬರ ಬೆರೆಸಿ, ಗೋಡೆಗೆ ಸೆಗಣಿಯಲ್ಲಿ ಅಂಟಿಸಿಟ್ಟಿದ್ದ ಸೌತೆಬೀಜ ಬಿಡಿಸಿ ತಂದು ಹಾಕಿದೆವು. ತೋಡಿನಿಂದ ಕೊಡದಲ್ಲಿ ಹೊತ್ತು ನೀರು ಕೊಟ್ಟೆವು. ಅಧಿಕಾರಿ ಹೇಳಿದ ದಿನ ಬಂದಾಗ ಸೌತೆ ಎರಡೆಲೆ ಬಿಟ್ಟಿತ್ತು. ಅವರು ಬದುವಿನ ಉದ್ದಕ್ಕೂ ನಡೆದು ನೋಡಿ ಏನೋ ಬರೆದುಕೊಂಡು ಹೋದರು. ಮಣ್ಣಿನ ಕಂತ್ರಾಟುದಾರ ಬೇರೆ ಊರು ಹುಡುಕಿಕೊಂಡ.

ಸುಖವಾಗಿ ಮುಗಿಯಿತು ಎಂದು ಹೇಳಲಾರೆ. ಆ ಮಳೆಗಾಲದಲ್ಲಿ ಅಧ್ಯಕ್ಷರ ಗದ್ದೆಯಲ್ಲಿ ನೇಜಿ, ಅಂದರೆ ಭತ್ತದ ಸಸಿ, ನೆಡಲು ನಮ್ಮಲ್ಲಿ ಒಬ್ಬರನ್ನೂ ಕರೆಯಲಿಲ್ಲ. ದೇಯಿಯಕ್ಕ ಆ ಪ್ರಾಯದಲ್ಲಿ ಪಕ್ಕದ ಗ್ರಾಮಕ್ಕೆ ನಡೆದುಕೊಂಡು ಹೋಗಿ ನೇಜಿ ನೆಟ್ಟರು. ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ಪೇಟೆಯಲ್ಲಿ ನನ್ನನ್ನು ನೋಡಿ ಬಾಯಿಗೆ ಕೈ ಅಡ್ಡ ಹಿಡಿದು ನಗುವವರಿದ್ದರು. ಬಾಯಿಬಡಕಿ ಎಂದರು, ನಾಚಿಕೆ ಬಿಟ್ಟವಳು ಎಂದರು. ಹೇಳಿಕೊಳ್ಳಲಿ. ಆ ಗದ್ದೆಯಲ್ಲಿ ಆಮೇಲೆ ಹದಿನಾಲ್ಕು ಬೇಸಿಗೆ ತರಕಾರಿ ಬೆಳೆದೆವು. ನಕ್ಕವರ ಮನೆಗೂ ನಮ್ಮ ಅಲಸಂಡೆಯೇ ಹೋಯಿತು. ಅಧಿಕಾರಿಗಳ ಮುಂದೆ ನಿಂತರೆ ನನಗೆ ಇವತ್ತಿಗೂ ಕಾಲು ನಡುಗುತ್ತದೆ. ಕಾಲು ನಡುಗಿದರೆ ನಡುಗಲಿ, ಬಾಯಿಗೂ ಅದಕ್ಕೂ ಸಂಬಂಧ ಇಲ್ಲ ಎಂದು ಅವತ್ತು ತಿಳಿಯಿತು.

ಅತ್ತೆಯ ವಿಷಯ ಹೇಳದಿದ್ದರೆ ಇದು ಪೂರ್ತಿಯಾಗುವುದಿಲ್ಲ. ಸುದ್ದಿ ನನಗಿಂತ ಮೊದಲು ಮನೆ ಮುಟ್ಟಿತ್ತು. ಅವರು ಎಂಟು ದಿನ ನನ್ನೊಟ್ಟಿಗೆ ಒಂದು ಮಾತೂ ಆಡಲಿಲ್ಲ. ಬಡಿಸುವಾಗ ಪಾತ್ರೆ ಸದ್ದು ಮಾಡುವುದು, ನಾನು ಬಂದರೆ ಎದ್ದು ಹೋಗುವುದು. ತವರಿಗೆ ಕಳಿಸಿಬಿಡುತ್ತಾರೋ ಎಂದು ಹೆದರಿದ್ದೆ. ಒಂಬತ್ತನೇ ದಿನ ಬಾವಿಕಟ್ಟೆಯಲ್ಲಿ ನಾನು ನೀರು ಸೇದುತ್ತಿದ್ದಾಗ ಹತ್ತಿರ ಬಂದು ನಿಂತರು. ಆಚೆ ಈಚೆ ನೋಡಿದರು.

"ಆ ಕಾಗದದ ಅಡಿಯಲ್ಲಿ ಅಧ್ಯಕ್ಷರು ಸಹಿ ಹಾಕಿದ್ದು ಹೌದಾ?" ಎಂದು ಕೇಳಿದರು.

ಹೌದು ಎಂದೆ. ಅತ್ತೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಭುಜ ಕುಲುಕತೊಡಗಿತು, ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಸಾವರಿಸಿಕೊಂಡು ನನ್ನ ಕೈಯಿಂದ ಹಗ್ಗ ತೆಗೆದುಕೊಂಡರು.

"ನೀನು ಎಂತ ಬರೆದದ್ದು, ನಿನ್ನ ಬಾಯಿಂದಲೇ ಒಮ್ಮೆ ಹೇಳು" ಎಂದರು.